ಸಕ್ಕರೆ ಎಬ್ಬಿಸಿದ ಕೆಮ್ಮು

ಜುಲೈ ೧೪, ಸೋಮವಾರ

ಇವರ ಕೆಮ್ಮು ಟಿಬಿ ಅಂತ ಇವತ್ತು ಗೊತ್ತಾಯಿತು. ಈ ದೇಶದ ಜುಲೈ ಚಳಿಗೆ ಬಂದ ಅಲರ್ಜಿ ಅಂದುಕೊಂಡಿದ್ದೆವು.

ಹುಬ್ಬಳ್ಳಿಯಲ್ಲಿದ್ದಾಗಲೇ ಮೈಯೊಳಗೆ ಹೊಕ್ಕ ರೋಗಾಣು ಇಷ್ಟು ವರ್ಷ ಎದೆಯಲ್ಲಿ ಸುಮ್ಮನೆ ಮಲಗಿದ್ದಿರಬಹುದಂತೆ. ಬಿಳಿ ರಕ್ತಕಣಗಳು ಅದನ್ನು ಸುತ್ತುವರಿದು ಹಿಡಿದಿಟ್ಟಿದ್ದವು. ಶುಗರ್ ಏರಿ ಏರಿ ಆ ಕಣಗಳು ಸೋತಿವೆ, ಅದು ಎದ್ದಿದೆ. ಗುಣವಾಗುತ್ತದೆ, ಆರು ತಿಂಗಳು ಮಾತ್ರೆ, ಶುಗರ್ ಮಾತ್ರ ಹತೋಟಿಗೆ ಬರಲೇಬೇಕು ಅಂದರು ಡಾಕ್ಟರ್.

ಈ ಪರದೇಶದಲ್ಲಿ ನಮ್ಮ ಮನೆಯಿರುವ ಕ್ವೇಕರ್ಸ್ ಹಿಲ್‌ವರೆಗೂ ಇವರೇ ಕಾರು ಓಡಿಸಿದರು. ಮನೆಗೆ ಬಂದು, "ನಮ್ಮ ಕನ್ನಡದವರಿಗೆ ಯಾರಿಗೂ ಹೇಳಬ್ಯಾಡ" ಅಂದರು.

"ಹೋದ ವಾರ ನೇತ್ರಾನ ಕೂಸನ್ನ ತೊಡಿ ಮ್ಯಾಲೆ ಮಲಗಿಸಿಕೊಂಡು ಕುಂತಿದ್ರಿ" ಅಂದೆ. ನೇತ್ರಾ ಇಲ್ಲಿಯ ನಮ್ಮ ಕನ್ನಡದ ಗೆಳತಿ, ಇವರಿಗೆ ತಂಗಿಯ ಹಾಗೆ.

ಆಗ ಇವರ ಮುಖ ನೋಡಲಾಗಲಿಲ್ಲ.

ಇವರ ಜೊತೆಗಿದ್ದವರಿಗೆಲ್ಲ ಟೆಸ್ಟ್ ಮಾಡಿಸಿಕೊಳ್ಳಿ ಅಂತ ಕ್ಲಿನಿಕ್ಕಿನ ನರ್ಸೇ ಇವರ ಹೆಸರು ಹೇಳದೆ ತಿಳಿಸುತ್ತಾರಂತೆ. ನಾವು ಸುಮ್ಮನಿರಬಹುದಿತ್ತು. ಆದರೆ ಸಂಜೆ ಇವರೇ ಫೋನ್ ಮಾಡಿದರು. "ನೇತ್ರಾ, ನನಗ ಟಿಬಿ ಐತಿ. ಕೂಸನ್ನ ಲಗೂನ ಡಾಕ್ಟರಿಗೆ ತೋರಸವ್ವಾ."

ಸ್ಪೀಕರಿನಲ್ಲಿ ಅವಳ ಅಳು ಕೇಳಿಸಿತು. "ಹೇಳಿದ್ದು ಛಲೋ ಆತು, ಗೌರೀಶಣ್ಣಾ" ಅಂದು ಫೋನ್ ಇಟ್ಟುಬಿಟ್ಟಳು. ಸಿಟ್ಟೋ ಹೆದರಿಕೆಯೋ ತಿಳಿಯಲಿಲ್ಲ. ಎರಡೂ ಇರಬೇಕು.

ಈಗ ಇವರು ಹಿಂದಿನ ರೂಮಿನಲ್ಲಿ ಕಿಟಕಿ ತೆರೆದು ಒಬ್ಬರೇ ಮಲಗಿದ್ದಾರೆ. ನನಗೆ ಕೇಳಿಸಬಾರದೆಂದು ಬಾಯಿಗೆ ದಿಂಬು ಒತ್ತಿ ಕೆಮ್ಮುತ್ತಿದ್ದಾರೆ. ನನಗೂ ಟೆಸ್ಟ್ ಇದೆ, ಅದರ ಚಿಂತೆಯಿಲ್ಲ. ಕೂಸಿಗೆ ಏನೂ ಆಗದೆ ಇದ್ದರೆ ಸಾಕು, ಆಮೇಲೆ ಬೇಕಾದರೆ ನೇತ್ರಾ ನಮ್ಮ ಮನೆಗೆ ಬರದೇ ಹೋದರೂ ಸರಿ.