ಬೊಳ್ಳನ ರಕ್ತದಲ್ಲಿ ಇದ್ದದ್ದು

ಅಪ್ಪಯ್ಯಾ,

ಬೊಳ್ಳ ಟೆಂಪೋದಿಂದ ಇಳಿದ ದಿನ ನಿಮಗೆ ಚೆನ್ನಾಗಿ ನೆನಪಿರಬೇಕು. ಕಲ್ಯಾಣದ ಆಚೆ ನಮ್ಮ ದನದ ತಬೇಲದ ಮುಂದೆ ಹಲಗೆ ಇಟ್ಟು, ಹಗ್ಗವನ್ನು ಯಾರ ಕೈಗೂ ಕೊಡದೆ, ಆ ಬಿಳಿ ಗಂಡುಕರುವನ್ನು ನೀವೇ ಇಳಿಸಿಕೊಂಡಿರಿ. ಡೊಂಬಿವಲಿಯ ಹೋಟೆಲಿನ ಕಾಫಿಗೆ ಹೊರಗಿನ ಹಾಲು ಬೇಡ ಎಂದು ಹನ್ನೆರಡು ಹಸು ಕಟ್ಟಿದವರು ನೀವು. ಹೋರಿಯೂ ನಮ್ಮದೇ ಇರಲಿ ಎಂಬುದು ನಿಮ್ಮ ಹಟ. ಬಿಳಿಯವನು ಎಂದು ತುಳುವಿನಲ್ಲೇ ಹೆಸರಿಟ್ಟಿರಿ. ಎರಡು ವರ್ಷದಲ್ಲಿ ಅದು ಹೇಗೆ ಬೆಳೆಯಿತೆಂದರೆ, ಹೋಟೆಲಿಗೆ ಬಂದ ಊರಿನವರನ್ನೆಲ್ಲ ಊಟ ಮುಗಿದ ಕೂಡಲೇ ರಿಕ್ಷಾ ಹತ್ತಿಸಿ ತೋರಿಸಲು ಕರೆದುಕೊಂಡು ಹೋಗುತ್ತಿದ್ದಿರಿ. ಅಮ್ಮ ಅದಕ್ಕೆ ನಗುತ್ತಿದ್ದರು.

ತಬೇಲ ಎಂದರೆ ನನಗೆ ಮೊದಲು ಕಣ್ಣಿಗೆ ಬರುವುದು ಗೋಡೆಯ ಕ್ಯಾಲೆಂಡರು. ದೂಮಣ್ಣ ಅದರ ಮುಂದೆ ಕೆಂಪು ಪೆನ್ಸಿಲು ಹಿಡಿದು ನಿಂತಿರುತ್ತಿದ್ದ. ಕಾರ್ಕಳದ ಕಡೆಯಿಂದ ಬಂದು ಹದಿನಾರು ವರ್ಷ ನಮ್ಮ ಹಸುಗಳನ್ನು ನೋಡಿಕೊಂಡವನು. ಬರೆಯಲು ಬರುತ್ತಿದ್ದದ್ದು ಅಕ್ಷರಗಳಷ್ಟೇ. ಹಸುವಿನ ಹೆಸರಿನ ಮೊದಲ ಅಕ್ಷರ, ಬೊಳ್ಳನ ಹತ್ತಿರ ಬಿಟ್ಟ ದಿನಕ್ಕೆ ಒಂದು ಸೊನ್ನೆ. ಗಬ್ಬ ನಿಲ್ಲದೆ ಮತ್ತೆ ಬೆದೆಗೆ ಬಂದರೆ ಆ ದಿನಕ್ಕೊಂದು ಗೀಟು. ದಿನಕ್ಕೆ ಮೂರು ಸಲ, ಬೆಳಿಗ್ಗೆ ಸಗಣಿ ತೆಗೆಯುವ ಮೊದಲು, ಮಧ್ಯಾಹ್ನ, ಸಂಜೆ ಹಾಲು ಕರೆದ ಮೇಲೆ, ಒಂದೊಂದು ಹಸುವನ್ನೂ ಹಿಂದಿನಿಂದ ಮುಂದಿನಿಂದ ನೋಡುತ್ತಿದ್ದ. ನೀವೇ ಹೇಳುತ್ತಿದ್ದಿರಲ್ಲ, ದೂಮ ಇರುವಾಗ ನನಗೆ ತಬೇಲದ ಚಿಂತೆ ಇಲ್ಲ ಅಂತ.

ನಾನು ಕಾಲೇಜಿನ ಎರಡನೇ ವರ್ಷದಲ್ಲಿದ್ದಾಗ ಗೀಟುಗಳು ಹೆಚ್ಚಾದವು. ಬೊಳ್ಳನ ಹತ್ತಿರ ಬಿಟ್ಟ ಹಸುಗಳಲ್ಲಿ ಅರ್ಧಕ್ಕರ್ಧ ನಿಲ್ಲಲಿಲ್ಲ. ನೀವು ಡಾಕ್ಟರನ್ನು ಕರೆಸಿ ಬೊಳ್ಳನ ವೀರ್ಯ ಪರೀಕ್ಷೆ ಮಾಡಿಸಿದಿರಿ. ಅವರು ಸೂಕ್ಷ್ಮದರ್ಶಕದಿಂದ ತಲೆ ಎತ್ತಿ, “ಹೋರಿ ಫಸ್ಟ್ ಕ್ಲಾಸ್ ಉಂಟು” ಅಂದರು. ಹಾಗಾದರೆ ತಪ್ಪು ಎಲ್ಲಿ? ಅಂದು ಸಂಜೆ ಹೋಟೆಲಿನ ಹಿಂದಿನ ಕೋಣೆಯಲ್ಲಿ ಓದುತ್ತ ಕೂತಿದ್ದ ನನ್ನನ್ನು ನೀವು ಕೇಳಿದಿರಿ. ನಾನು ಪ್ರಾಣಿಶಾಸ್ತ್ರದ ಪುಸ್ತಕ ತಿರುಗಿಸಿ ಹೇಳಿದೆ, “ಇಪ್ಪತ್ತೊಂದು ದಿನ ಅಪ್ಪಯ್ಯ. ಗಬ್ಬ ನಿಲ್ಲದಿದ್ದರೆ ಇಪ್ಪತ್ತೊಂದನೇ ದಿನಕ್ಕೆ ಮತ್ತೆ ಬೆದೆಗೆ ಬರಬೇಕು. ಒಂದೆರಡು ದಿನ ಆಚೆ ಈಚೆ ಆಗ್ಬಹುದು, ಅಷ್ಟೇ.” ಎಷ್ಟು ಖಚಿತವಾಗಿ ಹೇಳಿದ್ದೆ! ನನಗೆ ಆಗ ಹತ್ತೊಂಬತ್ತು.

ಮರುದಿನ ಭಾನುವಾರ. ನೀವು ಕ್ಯಾಲೆಂಡರನ್ನು ಗೋಡೆಯಿಂದ ಇಳಿಸಿ ದೂಮಣ್ಣನ ಮುಂದೆ ಹಿಡಿದಿರಿ. ಸೊನ್ನೆಗೂ ಗೀಟಿಗೂ ನಡುವೆ ಒಂದು ಕಡೆ ಮೂವತ್ತನಾಲ್ಕು ದಿನ, ಇನ್ನೊಂದು ಕಡೆ ನಲವತ್ತೊಂದು.

“ಇಪ್ಪತ್ತೊಂದಕ್ಕೆ ಬಂದ ಬೆದೆ ನಿನಗೆ ಕಾಣ್ಲಿಲ್ಲ. ಆಮೇಲಿನದ್ದು ಕಂಡಿತು. ಕಣ್ಣಿಗೆ ಎಂತ ಆಗಿದೆ ನಿನಗೆ?”

“ಇಪ್ಪತ್ತೊಂದಕ್ಕೆ ಬರ್ಲೇ ಇಲ್ಲ ಧಣಿ. ನಾನು ನೋಡ್ತಾ ಇದ್ದೆ. ಹೊಟ್ಟೆಯಲ್ಲಿ ನಿಂತು, ಆಮೇಲೆ ಹೋಗ್ತಾ ಉಂಟು. ಇದು ಬೊಳ್ಳನದ್ದೇ ಎಂತದೋ…”

ಬೊಳ್ಳನ ಹೆಸರು ಎತ್ತಿದ್ದೇ ತಪ್ಪಾಯಿತು. ನೀವು ಕೂಗಾಡಲಿಲ್ಲ. ಕೂಗಾಡಿದ್ದರೆ ಅವನು ಉಳಿಯುತ್ತಿದ್ದನೇನೋ. “ತನ್ನ ತಪ್ಪನ್ನು ಮೂಕಪ್ರಾಣಿಯ ಮೇಲೆ ಹಾಕುವವನು ನನಗೆ ಬೇಡ” ಅಂದಿರಿ. ನಾನು ಬಾಗಿಲಲ್ಲೇ ನಿಂತಿದ್ದೆ. ಅವನು ನನ್ನ ಮುಖ ನೋಡಿದ. ನಾನು ಏನಾದರೂ ಹೇಳಬಹುದಿತ್ತು. ಆದರೆ ಪುಸ್ತಕ ನನ್ನ ಕಡೆ ಇತ್ತಲ್ಲ.

ಅವನು ಹೋದ ಮೇಲೂ ಹಸುಗಳು ಹಾಗೆಯೇ ಇದ್ದವು. ಹೊಸ ಆಳು ಬಂದ, ಗೀಟುಗಳು ನಿಲ್ಲಲಿಲ್ಲ. ಆಗಲಾದರೂ ನಾವು ಯೋಚಿಸಬಾರದಿತ್ತೇ? ಎರಡು ವರ್ಷಕ್ಕೆ ಬೊಳ್ಳ ಸತ್ತ. ಆಮೇಲೆ ಒಂದು ದಿನ ಥಾಣೆಯಿಂದ ಲೋಕಲ್ ರೈಲಿನಲ್ಲಿ ಬರುವಾಗ, ದಿವಾ ಸ್ಟೇಷನ್ನಿನಲ್ಲಿ ಗಾಡಿ ನಿಂತಾಗ, ನೀವು ಕಿಟಕಿಯ ಹೊರಗೆ ನೋಡುತ್ತ, “ದೂಮ ಇಲ್ಲೇ ಎಲ್ಲೋ ಮಗಳ ಮನೆಯಲ್ಲಿ ಇದ್ದಾನಂತೆ” ಅಂದಿರಿ. ಗಾಡಿ ಹೊರಟಿತು. ಆ ಮಾತು ಅಲ್ಲಿಗೇ… ನಿಮಗೆ ಅನುಮಾನ ಬಂದಿತ್ತೇ ಅಪ್ಪಯ್ಯ? ಕೇಳಬೇಕಿತ್ತು. ಕೇಳಲಿಲ್ಲ.

ಮಂಡಿ ನೋವು ಜಾಸ್ತಿಯಾಗಿ ನೀವು ತಬೇಲ ಮುಚ್ಚಿದಾಗ ಬೊಳ್ಳನಿಗೆ ಹುಟ್ಟಿದ ಮೂರು ಹಸುಗಳನ್ನು ಪಕ್ಕದ ಹಳ್ಳಿಯ ಪಾಟೀಲ ಕಾಕಾ ಕಟ್ಟಿಕೊಂಡರು. ನೀವು ತೀರಿಕೊಂಡು ಎರಡು ವರ್ಷವಾದ ಮೇಲೆ, ಈ ಬೇಸಿಗೆಯಲ್ಲಿ, ಅವರ ಫೋನು ಬಂತು. “ಪೋರಿ, ನೀನು ದನದ ರಕ್ತ ನೋಡುವ ಲ್ಯಾಬಿನಲ್ಲಿದ್ದೀಯಲ್ಲ? ನಿನ್ನ ಅಪ್ಪನ ಗೌರಿ ನಾಲ್ಕು ಸಲ ಗಬ್ಬದ ಇಂಜೆಕ್ಷನ್ ಕೊಡಿಸಿದರೂ ನಿಲ್ಲುತ್ತಿಲ್ಲ. ಹಾಲು ಬಂಗಾರದಂತಿದೆ, ಬಿಡಲು ಮನಸ್ಸಿಲ್ಲ.” ಮರಾಠಿಯಲ್ಲಿ ಅವರು ಹೇಳಿದ್ದು ಇಷ್ಟೇ. ನಾನು ರಬಾಳೆಯ ನಮ್ಮ ಲ್ಯಾಬಿನಲ್ಲಿ ದಿನಾ ಮಾಡುವ ಕೆಲಸವೇ ಅದು. ಊರೂರಿನ ಹೋರಿಗಳ ರಕ್ತ ಬರುತ್ತದೆ, ಅವುಗಳ ಕ್ರೋಮೊಸೋಮ್ ಸರಿ ಇದೆಯೇ ಎಂದು ನೋಡಿ ಬರೆದುಕೊಡುತ್ತೇನೆ. ಗೌರಿಯ ಕುತ್ತಿಗೆಯಿಂದ ಒಂದು ಸಿರಿಂಜು ರಕ್ತ ತೆಗೆದುಕೊಂಡು ಬಂದೆ.

ಮೂರು ದಿನ ಆ ರಕ್ತದ ಕಣಗಳನ್ನು ಬೆಚ್ಚಗಿಟ್ಟು ಬೆಳೆಸಿ, ಬಣ್ಣ ಹಾಕಿ, ಫೋಟೋ ತೆಗೆದು, ಅರವತ್ತು ಕ್ರೋಮೊಸೋಮುಗಳನ್ನು ಮೂವತ್ತು ಜೊತೆಯಾಗಿ ಜೋಡಿಸಲು ಕೂತೆ. ಒಂದು ಜೊತೆಯಲ್ಲಿ ಒಂದು ಉದ್ದ, ಒಂದು ಗಿಡ್ಡ. ಇನ್ನೊಂದು ಜೊತೆಯಲ್ಲೂ ಹಾಗೆಯೇ. ಎರಡು ಕ್ರೋಮೊಸೋಮುಗಳ ತುದಿಗಳು ಮುರಿದು, ಇದರದ್ದು ಅದಕ್ಕೆ ಅದರದ್ದು ಇದಕ್ಕೆ ಅಂಟಿಕೊಂಡಿದ್ದವು. ನಾನು ಮತ್ತೊಂದು ಕಣ ನೋಡಿದೆ, ಮತ್ತೂ ಇಪ್ಪತ್ತು ನೋಡಿದೆ. ಎಲ್ಲದರಲ್ಲೂ ಅದೇ. ಪಾಟೀಲ ಕಾಕಾನ ಹತ್ತಿರ ಓಡಿ ಉಳಿದೆರಡರ ರಕ್ತವನ್ನೂ ತಂದೆ. ಒಂದು ಸರಿ ಇತ್ತು. ಇನ್ನೊಂದರಲ್ಲಿ, ಅಂದರೆ ಮಲ್ಲಿಗೆಯಲ್ಲಿ, ಅದೇ ತುದಿಗಳ ಅದೇ ಅದಲುಬದಲು. ಗೌರಿಯ ತಾಯಿ ಬೇರೆ, ಮಲ್ಲಿಗೆಯ ತಾಯಿ ಬೇರೆ. ತಂದೆ ಒಬ್ಬನೇ.

ಅಂದೇ ಸಂಜೆ ಹೋಟೆಲಿನ ಮಾಳಿಗೆ ಹತ್ತಿ, ನೀವು ಕಟ್ಟಿಟ್ಟಿದ್ದ ತಬೇಲದ ಕ್ಯಾಲೆಂಡರುಗಳನ್ನು ಇಳಿಸಿದೆ. ಮೂವತ್ತನಾಲ್ಕು, ನಲವತ್ತೊಂದು, ಮೂವತ್ತೆಂಟು, ಮೂವತ್ತಾರು. ಭ್ರೂಣ ನಿಂತು, ಕೆಲವು ದಿನ ಬದುಕಿ, ಸತ್ತುಹೋದರೆ ಹಸು ಇಷ್ಟು ತಡವಾಗಿಯೇ ಬೆದೆಗೆ ಬರುತ್ತದೆ. ಎರಡನೇ ವರ್ಷದ ಪುಸ್ತಕದಲ್ಲಿ ಅದು ಇರಲಿಲ್ಲ. ದೂಮಣ್ಣನ ಗೀಟುಗಳಲ್ಲಿ ಇತ್ತು.

ದಿವಾದಲ್ಲಿ ಅವನ ಮನೆ ಹುಡುಕಲು ನನಗೆ ಎರಡು ಭಾನುವಾರ ಹಿಡಿಯಿತು. ಲಿಫ್ಟಿಲ್ಲದ ಕಟ್ಟಡದ ನಾಲ್ಕನೇ ಮಾಳಿಗೆ. ಬೇಲಾಪುರದ ಆಫೀಸೊಂದರಲ್ಲಿ ಕೆಲಸ ಮಾಡುವ ಮಗಳು ಸುಮತಿ ಬಾಗಿಲು ತೆರೆದಳು. ದೂಮಣ್ಣ ನೆಲದ ಮೇಲೆ ಕೂತು ಬೀನ್ಸ್ ಮುರಿಯುತ್ತಿದ್ದ. ಎದ್ದು ನಿಲ್ಲಲು ನೋಡಿದ. ನಾನೇ ಕೆಳಗೆ ಕೂತೆ.

ಕ್ರೋಮೊಸೋಮ್ ಅನ್ನುವ ಮಾತು ಎತ್ತಲಿಲ್ಲ, ಹಗ್ಗದ ಲೆಕ್ಕದಲ್ಲಿ ಹೇಳಿದೆ. “ದೂಮಣ್ಣ, ಒಂದು ಜೊತೆ ಕಪ್ಪು ಹಗ್ಗ, ಒಂದು ಜೊತೆ ಬಿಳಿ ಹಗ್ಗ ಅಂತ ಇಟ್ಕೊ. ಒಂದು ಕಪ್ಪಿನ ಬಾಲ ಕತ್ತರಿಸಿ ಬಿಳಿಗೆ, ಆ ಬಿಳಿಯ ಬಾಲ ಕಪ್ಪಿಗೆ ಗಂಟು ಹಾಕಿದ್ರೆ ಒಟ್ಟು ಹಗ್ಗ ಕಮ್ಮಿ ಆಗುವುದಿಲ್ಲ. ಹಾಗಾಗಿ ಬೊಳ್ಳನಿಗೆ ಎಂತದೂ ಕೊರತೆ ಇರ್ಲಿಲ್ಲ. ಆದ್ರೆ ಅವನು ಕರುವಿಗೆ ಕೊಡುವುದು ಒಂದು ಕಪ್ಪು, ಒಂದು ಬಿಳಿ. ಗಂಟಿನದ್ದೊಂದು, ಗಂಟಿಲ್ಲದ್ದೊಂದು ಹೋದ್ರೆ ಒಂದು ಬಾಲ ಹೆಚ್ಚು, ಒಂದು ಬಾಲ ಇಲ್ಲವೇ ಇಲ್ಲ. ಅಂಥ ಕರು ಹೊಟ್ಟೆಯಲ್ಲಿ ಉಳಿಯುವುದಿಲ್ಲ.”

ಅವನು ಕೈಯಲ್ಲಿದ್ದ ಬೀನ್ಸನ್ನು ಕೆಳಗಿಟ್ಟ.

“ಅಂದ್ರೆ ನಾನು ಬರ್ದದ್ದು ಸರಿ ಇತ್ತಾ ವಿದ್ಯಕ್ಕ?”

“ಒಂದೊಂದು ದಿನವೂ ಸರಿ ಇತ್ತು. ಅಪ್ಪಯ್ಯನಿಗೆ ಇಪ್ಪತ್ತೊಂದು ದಿನ ಅಂತ ಹೇಳಿದ್ದು ನಾನು.”

“ಗೊತ್ತುಂಟು. ಧಣಿ ಹೇಳಿದ್ರು, ನನ್ನ ಮಗಳು ಓದಿ ಹೇಳಿದ್ದು ಅಂತ.” ಮತ್ತೊಂದು ಬೀನ್ಸ್ ಎತ್ತಿ ಮುರಿಯುತ್ತ ಅಂದ, “ಆಮೇಲೆ ನಾನು ಕಲ್ಯಾಣದಲ್ಲಿ ಕಣ್ಣು ತೋರಿಸ್ದೆ. ಡಾಕ್ಟ್ರು ಕಣ್ಣು ಚೆನ್ನಾಗಿ ಉಂಟು ಅಂದ್ರು. ಹಾಗಾದ್ರೆ ತಲೆಯೇ ಸರಿ ಇಲ್ಲ ಅಂತ ಅಂದ್ಕೊಂಡೆ. ಮತ್ತೆ ದನದ ಕೆಲ್ಸಕ್ಕೆ ಹೋಗ್ಲಿಲ್ಲ. ಬಿಲ್ಡಿಂಗ್ ಸೊಸೈಟಿಯಲ್ಲಿ ವಾಚ್‌ಮನ್ ಆದೆ.”

ಸುಮತಿ ಅಡುಗೆಕಟ್ಟೆಯ ಕಡೆ ತಿರುಗಿ ನಿಂತಿದ್ದಳು. ಅವಳು ಹಿಂದಿಯಲ್ಲಿ ಅಂದಳು, “ಎಂಟು ವರ್ಷ ನಮಗೂ ಇದನ್ನು ಹೇಳಿರಲಿಲ್ಲ.” ನಾನು ಕ್ಷಮೆ ಕೇಳಿದೆ, ಅಪ್ಪಯ್ಯ. ನನ್ನ ತಪ್ಪಿಗೆ ಮಾತ್ರ. ನಿಮ್ಮ ಪರವಾಗಿ ಕೇಳುವ ಹಕ್ಕು ನನಗಿದೆಯೋ ಇಲ್ಲವೋ ತಿಳಿಯಲಿಲ್ಲ. ಅವನು, “ಗೌರಿ ಈಗ ಎಷ್ಟನೇ ಕರುವಿಗೆ?” ಎಂದು ಕೇಳಿದ.

ಮುಂದಿನ ಭಾನುವಾರ ಅವನನ್ನು ಪಾಟೀಲ ಕಾಕಾನಲ್ಲಿಗೆ ಕರೆದುಕೊಂಡು ಹೋದೆ. ಗೌರಿಗೆ ಐದನೇ ಸಲ ಇಂಜೆಕ್ಷನ್ ಆಗಿ ಐವತ್ತು ದಿನ ಕಳೆದಿತ್ತು. ದೂಮಣ್ಣ ಬಾಗಿಲಲ್ಲೇ ಚಪ್ಪಲಿ ಬಿಟ್ಟು ಒಳಗೆ ಹೋದ, ಹಿಂದಿನಿಂದ ನೋಡಿದ, ಮುಂದಿನಿಂದ ನೋಡಿದ, ಕೈಯಿಂದ ಮುಟ್ಟಲೂ ಇಲ್ಲ. “ನಿಂತಿದೆ” ಅಂದ. ಕಾಕಾ ನಂಬಲಿಲ್ಲ. ನಾನೂ ಅರ್ಧ ಮಾತ್ರ ನಂಬಿದೆ. ಕಳೆದ ವಾರ ಡಾಕ್ಟರು ಬಂದು ಪರೀಕ್ಷೆ ಮಾಡಿ, ಮೂರು ತಿಂಗಳ ಗಬ್ಬ ಎಂದು ಹೇಳಿ ಹೋದರು. ಕಾಕಾ ಈಗ ವಾರಕ್ಕೆ ಎರಡು ದಿನ ಬಂದು ಹಸುಗಳನ್ನು ನೋಡು ಎಂದು ದೂಮಣ್ಣನ ಬೆನ್ನು ಬಿದ್ದಿದ್ದಾರೆ. ಅವನಿನ್ನೂ ಒಪ್ಪಿಲ್ಲ. ಆದರೆ ಪ್ರತಿ ಭಾನುವಾರ ಹೋಗುತ್ತಿದ್ದಾನೆ.

ಇಷ್ಟು ದಿನ ಉಳಿದಿದೆ ಅಂದರೆ ಗೌರಿಯ ಕರು ಹುಟ್ಟುತ್ತದೆ. ಅದಕ್ಕೆ ಬೊಳ್ಳನ ಅದಲುಬದಲು ಬಂದಿರಲೂಬಹುದು, ಬಾರದೆಯೂ ಇರಬಹುದು. ಎರಡಕ್ಕೂ ಸಮಾನ ಅವಕಾಶ. ಹುಟ್ಟಿದ ವಾರದಲ್ಲೇ ರಕ್ತ ತೆಗೆಯುತ್ತೇನೆ. ಫಲಿತಾಂಶ ಏನೇ ಬರಲಿ, ಅದನ್ನು ಮೊದಲು ದಿವಾಕ್ಕೆ ಹೋಗಿ ನಾಲ್ಕು ಮಾಳಿಗೆ ಹತ್ತಿ ಹೇಳುತ್ತೇನೆ. ನಿಮಗೆ ಆಮೇಲೆ ಬರೆಯುತ್ತೇನೆ, ಅಪ್ಪಯ್ಯ. ಈ ಸಲ ಮೊದಲು ತಿಳಿಯಬೇಕಾದವನು ಅವನು.

ನಿಮ್ಮ ಮಗಳು,
ವಿದ್ಯಾ