ಗುಡ್ಡದ ಬುಡದಲ್ಲಿ ಬಿಳಿ ನೀರು

ಹೊಸಂಗಡಿ
22 ಜೂನ್ 2024

ಪ್ರೀತಿಯ ದೀಪಶ್ರೀ,

ಕಳೆದ ವಿಷು ಹಬ್ಬದ ದಿನ, ಊರವರು ಬೆಳಗಿನ ಕಣಿ ಕಂಡು ಊಟಕ್ಕೆ ಕುಳಿತಿದ್ದಾಗ, ರಸ್ತೆ ಗುತ್ತಿಗೆಯವರು ಉಗ್ಗಪ್ಪನ ಮನೆಯ ಹಿಂದಿನ ಗುಡ್ಡವನ್ನು ಮೂವತ್ತು ಅಡಿ ನೆಟ್ಟಗೆ ಕಡಿದು, ಅವನು ತೋಡಿದ ಸುರಂಗದ ಬಾಯಿಗೆ ಮಣ್ಣು ತುಂಬಿದರು. ನಲವತ್ತು ವರ್ಷ ಗುಡ್ಡದ ಹೊಟ್ಟೆಯ ನೀರನ್ನು ಹೊರಗೆ ತಂದ ದಾರಿ ಒಂದೇ ಮಧ್ಯಾಹ್ನದಲ್ಲಿ ಮುಚ್ಚಿಹೋಯಿತು.

ಆಶೀರ್ವಾದವನ್ನೂ ಹೇಳದೆ ಶುರುಮಾಡಿದೆ, ಮಗಳೇ. ನಿನ್ನ ಫೆಬ್ರವರಿಯ ಪತ್ರಕ್ಕೆ ಈಗ ಉತ್ತರಿಸುತ್ತಿದ್ದೇನೆ, ಅದಕ್ಕೂ ಕ್ಷಮಿಸು. ಹಿಮ ಜಾರುವುದೋ ಎಂದು ಪರೀಕ್ಷಿಸಲು ಮನಾಲಿಯ ಮೇಲಿನ ಹಿಮದಲ್ಲಿ ಗುಂಡಿ ತೋಡಿ, ಹಿಮದ ಕಂಬವೊಂದನ್ನು ಕಡಿದು ನಿಲ್ಲಿಸಿ, ಮೇಲೆ ಸಲಿಕೆಯಿಟ್ಟು ಅಂಗೈಯಿಂದ ತಟ್ಟಿದೆ ಎಂದು ಬರೆದಿದ್ದೆ. ಹನ್ನೊಂದನೆಯ ಪೆಟ್ಟಿಗೆ ಮೇಲಿನ ಗಟ್ಟಿ ಹಿಮ ಹಲಗೆಯಂತೆ ಜಾರಿ ನಿನ್ನ ಮಡಿಲಿಗೆ ಬಿತ್ತು. ಅದರಡಿ ಸಕ್ಕರೆಯಂಥ ಸಡಿಲ ಹರಳುಗಳ ಬೆರಳಗಲದ ಪದರ. ಇಂಥ ಕಡೆ ಒಬ್ಬ ನಡೆದರೆ ಸಾಕು, ಇಡೀ ಇಳಿಜಾರು ಕೆಳಗೆ ಬರುತ್ತದೆ ಎಂದಿದ್ದೆ. ನಾನು ಹೆಮ್ಮೆಯಿಂದ ನಿನ್ನ ಅಮ್ಮನಿಗೆ ಓದಿ ಹೇಳಿದೆ. ಅವಳು, "ಅಷ್ಟು ಗೊತ್ತಿದ್ದೂ ಅಲ್ಲಿ ಎಂತಕ್ಕೆ ನಿಲ್ಲುವುದಂತೆ?" ಎಂದಳು.

ನಮ್ಮಲ್ಲಿ ಹಿಮವಿಲ್ಲ. ಮೇಲೆ ಕೆಂಪು ಮುರಕಲ್ಲು, ಅದರಡಿ ಬೆಣ್ಣೆಯಂಥ ಬಿಳಿ ಶೇಡಿ ಮಣ್ಣು. ಮೊನ್ನೆ ಬೆಳಿಗ್ಗೆ ಉಗ್ಗಪ್ಪ ನನ್ನನ್ನು ಕರೆದೊಯ್ದು, ಕಡಿದ ಗೋಡೆಗೆ ಪಿಕ್ಕಾಸಿನ ಹಿಡಿಯಿಂದ ತಟ್ಟುತ್ತ ಕಿವಿಯಿಟ್ಟ, ಥೇಟ್ ನಿನ್ನ ಹಾಗೆ. ಬುಡದಲ್ಲಿ ಅಕ್ಕಿ ತೊಳೆದಂಥ ನೀರು ಒಸರುತ್ತಿದ್ದುದನ್ನು ತೋರಿಸಿ ಹೇಳಿದ:

"ಕೆಂಪು ನೀರಿಗೆ ಹೆದರುವುದು ಬೇಡ ಮಾಸ್ಟ್ರೇ. ಬಿಳಿ ಬಂದರೆ ಒಳಗಿನ ಶೇಡಿ ಹೊರಟಿತು ಅಂತ. ಮತ್ತೆ ಮೇಲಿನ ಕಲ್ಲು ಎಂತದರ ಮೇಲೆ ಕೂರುವುದು?"

ರಸ್ತೆ ಕೆಲಸದ ಎಂಜಿನಿಯರ್ ವಿಷ್ಣುಪ್ರಸಾದರನ್ನು ಕರೆತಂದೆ. "ರಿಪೋರ್ಟಿನಲ್ಲಿ ಗಟ್ಟಿ ಕಲ್ಲು ಅಂತ ಉಂಟಲ್ಲ" ಎಂದರು.

"ಹಾಗಾದರೆ ಆ ರಿಪೋರ್ಟನ್ನೇ ಅಡ್ಡ ಕೊಡಿ ಮಾರಾಯ್ರೆ, ಗುಡ್ಡೆ ನಿಲ್ಲಲಿ" ಎಂದ ಉಗ್ಗಪ್ಪ.

ನನಗೆ ನಗು ಬರಲಿಲ್ಲ. ಕೆಳಗೆ ಆರು ಮನೆಗಳಿವೆ. ಉಗ್ಗಪ್ಪನ ಸೊಸೆ ನಮಿತಾ ಹೆತ್ತು ಹನ್ನೆರಡು ದಿನ. ಬಾಣಂತಿಯನ್ನೂ ಮಗುವನ್ನೂ ನಮ್ಮಲ್ಲಿಗೆ ಕರೆತಂದಿದ್ದೇವೆ. ಉಳಿದವರು, "ನೋಟೀಸು ಬರದೆ ಎಲ್ಲಿಗೆ ಹೋಗುವುದು?" ಎನ್ನುತ್ತಾರೆ. ಮಳೆ ಜೋರಾದಾಗಲೆಲ್ಲ ನಾನು ಮಾತು ನಿಲ್ಲಿಸಿ ಆ ದಿಕ್ಕಿಗೆ ಕಿವಿಗೊಡುತ್ತೇನೆ.

ಪದರ ಹೇಗೆ ಜಾರುತ್ತದೆಂದು ಎಲ್ಲರಿಗೂ ತಿಳಿಯುವಂತೆ ಒಂದು ಪುಟ ಬರೆದು ಫೋನಿಗೇ ಕಳುಹಿಸು, ಈ ಪತ್ರದ ಫೋಟೋವನ್ನೂ ಹಾಗೆಯೇ ಕಳುಹಿಸುತ್ತಿದ್ದೇನೆ. ಬುಧವಾರದ ಗ್ರಾಮಸಭೆಯಲ್ಲಿ ಓದುತ್ತೇನೆ. ನೀನೂ ಜಾಗ್ರತೆ. ಮಧೂರಿನ ಗಣಪತಿ ಅಲ್ಲಿಯೂ ನಿನ್ನನ್ನು ಕಾಯಲಿ.

ನಿನ್ನ ಅಪ್ಪ,
ಶಿವಸುಬ್ರಹ್ಮಣ್ಯ

ಮರೆತದ್ದಲ್ಲ, ಬರೆಯಲು ಕೈ ಬಾರದ್ದು: ಸುರಂಗ ಮುಚ್ಚಲು ಊರವರು ಕೊಟ್ಟ ಒಪ್ಪಿಗೆಯಲ್ಲಿ ಮೊದಲ ಸಹಿ ನನ್ನದು. ಎಂಬತ್ತೆರಡನೇ ಇಸವಿಯ ಆಟಿ ತಿಂಗಳ ಮಳೆಯಲ್ಲಿ ಗುಡ್ಡದ ಆಚೆ ಬದಿ ಜಾರುವ ಮೊದಲೂ ನೀರು ಬಿಳಿಯಾಗಿತ್ತು. ಮರುವರ್ಷವೇ, ಗುಡ್ಡದೊಳಗೆ ನೀರು ನಿಲ್ಲದಿರಲೆಂದು, ಉಗ್ಗಪ್ಪ ಆ ಸುರಂಗ ತೋಡಿದ. ನನಗದು ನೆನಪಿತ್ತು. ನಳ್ಳಿ ನೀರು ಬಂದ ಮೇಲೆ ಸುರಂಗ ಯಾಕೆ ಎಂದುಕೊಂಡೆ. "ಅದು ಕುಡಿಯಲಿಕ್ಕೆ ಮಾತ್ರ ಅಲ್ಲ ಮಾಸ್ಟ್ರೇ" ಎಂದವನನ್ನು, "ಕಾಲ ಬದಲಾಗಿದೆ ಮಾರಾಯ" ಎಂದು ಸುಮ್ಮನಾಗಿಸಿದೆ. ನನ್ನ ಸಹಿ ನೋಡಿ ಉಳಿದವರೂ ಹಾಕಿದರು. ಬುಧವಾರ ಇದನ್ನೇ ಮೊದಲು ಹೇಳುತ್ತೇನೆ. ಆಮೇಲೆ ಕೇಳುತ್ತೇನೆ: ಶೇಡಿಯನ್ನು ಗಟ್ಟಿ ಕಲ್ಲೆಂದು ಬರೆದವರು ಯಾರು? ಬರೆಯುವ ಮೊದಲು ಒಮ್ಮೆಯಾದರೂ ತಟ್ಟಿ ನೋಡಿದ್ದರೇ? ಆ ಆರು ಮನೆಯವರ ಎದುರು ನಿಂತು ಉತ್ತರ ಕೊಡಲಿ.