ಮಾಹಿತಿದಾರೆ ೧೪

ಏಪ್ರಿಲ್ ೭, ಮಂಗಳವಾರ

ಪ್ರೊಫೆಸರ್ ಸಾಹೇಬರಿಗೆ,

ತಮ್ಮಾ ಎಂದು ಬರೆಯಲು ಹೋದೆ, ಕೈ ಬರಲಿಲ್ಲ. ನಾವು ಕ್ಷೇಮವಾಗಿಲ್ಲ. ನೀನು ಕ್ಷೇಮವೇ ಎಂದು ಕೇಳುವ ಮನಸ್ಸೂ ಇಲ್ಲ.

ನಮ್ಮ ಪ್ರದೇಶದ ಅಭಿವೃದ್ಧಿಯ ಬಗ್ಗೆ ನೀನು ಬರೆದ ವರದಿ ಕಾರ್ಮಿಕ ಸಂಘದ ಕಚೇರಿಗೆ ಬಂದಿದೆ, ನಿನ್ನ ಭಾವ ಮನೆಗೂ ತಂದಿದ್ದರು. ಕಲ್ಲಿದ್ದಲಿನ ವಿದ್ಯುತ್ ಸ್ಥಾವರವನ್ನು ಮೂರು ವರ್ಷದಲ್ಲಿ ಮುಚ್ಚಬೇಕು, ಊರು 'ಸುಸ್ಥಿರ ಪರಿವರ್ತನೆ'ಯತ್ತ ಹೊರಳಬೇಕು ಎಂದಿದ್ದೀಯ. ಒಣಹಾಕಿದ ಬಟ್ಟೆ ಸಂಜೆಯೊಳಗೆ ಕಪ್ಪಾಗುವ ನಮ್ಮ ಬೀದಿಗೆ 'ಸಂಕ್ರಮಣ ವಲಯ' ಎಂದು ನಾಮಕರಣ ಬೇರೆ! ಅದೆಲ್ಲ ಇರಲಿ. ಎಂಬತ್ತೆರಡನೇ ಪುಟವನ್ನು ಮೂರು ಸಲ ಓದಿದೆ. 'ಮಾಹಿತಿದಾರೆ ೧೪, ಬಾಯ್ಲರ್ ಕಾರ್ಮಿಕನ ಪತ್ನಿ: ಮುಚ್ಚಲಿ ಬಿಡಿ, ಇವರ ಕೆಮ್ಮಾದ್ರೂ ನಿಲ್ಲುತ್ತೆ.'

ಅದು ನನ್ನ ಮಾತು. ನನ್ನ ಅಡುಗೆಮನೆಯಲ್ಲಿ ನೀನು ಎರಡನೇ ಲೋಟ ಚಹಾ ಕುಡಿಯುತ್ತಿದ್ದಾಗ ತಮ್ಮನ ಹತ್ತಿರ ಹೇಳಿಕೊಂಡದ್ದು. ನೀನು ಸ್ಟೂಲಿನ ಮೇಲೆ ಮೊಬೈಲ್ ಇಟ್ಟು ರೆಕಾರ್ಡ್ ಮಾಡಿಕೊಂಡೆ, ಕಾಗದಕ್ಕೆ ಸಹಿ ಹಾಕಿಸಿಕೊಂಡೆ. ಹೆಸರು ಹಾಕಲ್ಲ ಅಕ್ಕ, ಬರೀ ನಂಬರ್ ಎಂದೆ. ಹೆಸರು ಹಾಕಲಿಲ್ಲ, ನಿಜ. ಉಳಿದ ಅರ್ಧ ಮಾತನ್ನೂ ಹಾಕಲಿಲ್ಲವಲ್ಲ! 'ಆದ್ರೆ ಮೊದ್ಲು ಇವರ ಕೈಗೊಂದು ಕೆಲಸ ಕೊಟ್ಟು ಆಮೇಲೆ ಮುಚ್ಚಲಿ' ಎಂದೂ ಹೇಳಿದ್ದೆ. ಅದನ್ನೆಲ್ಲಿ ನುಂಗಿದೆ? ಪುಟದಲ್ಲಿ ಜಾಗ ಸಾಲಲಿಲ್ಲವೋ, ನಿನ್ನ ವಾದಕ್ಕೆ ಒಗ್ಗಲಿಲ್ಲವೋ?

ಈಗ ಅಧಿಕಾರಿಗಳು ಆ ಅರ್ಧವನ್ನೇ ಹಿಡಿದುಕೊಂಡು, ಕಾರ್ಮಿಕರ ಮನೆಯವರೇ ಒಪ್ಪಿದ್ದಾರೆ ಎನ್ನುತ್ತಿದ್ದಾರೆ. ಸಂಘದ ಕಾರ್ಯದರ್ಶಿಯಾದ ನಿನ್ನ ಭಾವ ಹದಿನಾಲ್ಕನೆಯವಳು ಯಾರೆಂದು ಮನೆಮನೆ ವಿಚಾರಿಸುತ್ತಿದ್ದಾರೆ. ನಿನ್ನೆ ನಮ್ಮ ಮೇಜಿನ ಸುತ್ತಲೇ ಕುಳಿತು ಸಂಘದವರೆಲ್ಲ ಎದುರುಮನೆಯವಳ ಮೇಲೆ ಗೂಬೆ ಕೂರಿಸಿದರು. ಅವಳ ಗಂಡನೂ ಬಾಯ್ಲರಿನವನೇ ತಾನೇ, ಮನೆಮುರುಕಿ ಎಂದರು. ನಾನು ಹೂಂ ಎಂದು ತಲೆಯಾಡಿಸಿ ಅವರ ಲೋಟಗಳಿಗೆ ಚಹಾ ಬಗ್ಗಿಸಿದೆ.

ಇವತ್ತು ಬೆಳಿಗ್ಗೆ ಬೀದಿ ನಲ್ಲಿಯ ಹತ್ತಿರ ಅವಳ ಜೊತೆ ಯಾರೂ ಮಾತಾಡಲಿಲ್ಲ. ನನ್ನನ್ನು ಕಂಡು ನಕ್ಕಳು. ನಾನು ಮುಖ ತಿರುಗಿಸಿದೆ. ನಿನ್ನ ದೆಸೆಯಿಂದ ನಾನೆಷ್ಟು ಕೆಟ್ಟವಳಾದೆ ನೋಡು.

ಹದಿನೇಳನೇ ತಾರೀಖು ಸಾರ್ವಜನಿಕ ಅಹವಾಲು ಸಭೆಯಿದೆ. ಅಷ್ಟರೊಳಗೆ ಉಳಿದರ್ಧ ಅಚ್ಚಾಗಬೇಕು. ಇಲ್ಲದಿದ್ದರೆ ನನ್ನ ಹೊಸ್ತಿಲು ತುಳಿಯಬೇಡ. ಬೆರಳು ಹಿಡಿದು ನಿನಗೆ ಅಕ್ಷರ ತಿದ್ದಿಸಿದವಳು ನಾನು. ಅರ್ಧಕ್ಕೆ ನಿಲ್ಲಿಸುವುದನ್ನು ನಾನಂತೂ ಕಲಿಸಿರಲಿಲ್ಲ.

ಇಂತಿ, ಇನ್ನೂ ಹೆಸರಿಲ್ಲದ
ಮಾಹಿತಿದಾರೆ ೧೪

ವಿ.ಸೂ.: ಲಕೋಟೆಯ ಮೇಲಿನ ಅಕ್ಷರ ಯಾರದೆಂದು ಗುರುತು ಹಿಡಿದಿರುತ್ತೀಯ. ಈ ಕಾಗದವನ್ನು ಬೇಕೆಂದೇ ಮೇಜಿನ ಮೇಲೆ ಬಿಟ್ಟು ಎದುರುಮನೆಗೆ ಹೋಗಿದ್ದೆ. ಅವಳ ಹತ್ತಿರ ತಪ್ಪೊಪ್ಪಿಕೊಂಡು ಬರುವಷ್ಟರಲ್ಲಿ ನಿನ್ನ ಭಾವ ಓದಿ ಮುಗಿಸಿದ್ದರು. ಬಯ್ಯಲಿಲ್ಲ. ತುಂಬಾ ಹೊತ್ತು ಕೆಮ್ಮಿದರು. ಆಮೇಲೆ ಪೆನ್ನು ಕೇಳಿ ತಾವೇ ವಿಳಾಸ ಬರೆದರು. 'ಸಭೆಯಲ್ಲಿ ಎರಡೂ ಅರ್ಧ ನೀನೇ ಹೇಳು, ಹೆಸರು ಸಮೇತ' ಎಂದು ನನಗೆ ಹೇಳಿದರು. ನೀನು ಬರುವುದಾದರೆ ಹಿಂದಿನ ಸಾಲಿನಲ್ಲಿ ಕುಳಿತುಕೋ. ಈ ಸಲ ಪೂರ್ತಿ ಬರೆದುಕೋ.